ಅಂತರಿಕ್ಷ ವೀರರ ಕಥೆಯೂ ನಿಸರ್ಗದ ಲೆಕ್ಕವೂ

ಅಸಂಭವವಾದುದನ್ನೇ ಹೇಳುವ ಕಥೆಯಲ್ಲಿ ತಪ್ಪು ಎಂಬುದು ಇರಬಲ್ಲುದೆ? ಕಾಮಿಕ್ಸ್ ಎಂದು ಹೆಸರಾದ ಚಿತ್ರಕಥೆಗಳಲ್ಲಿ ಅತಿಮಾನುಷ ವೀರರು ತಂಡ ಕಟ್ಟಿಕೊಂಡು ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುವುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಓದಿರುತ್ತಾರೆ. ಅವರನ್ನು ಕೇಳಿದರೆ, “ಕಥೆಯೆಂದ ಮೇಲೆ ಏನು ಬೇಕಾದರೂ ನಡೆಯಬಹುದು” ಎನ್ನುತ್ತಾರೆ. ಉಪಾಧ್ಯಾಯರಲ್ಲಿ ಕೆಲವರು, “ವಿಜ್ಞಾನಕ್ಕೆ ಒಪ್ಪದ ಇಂಥ ಕಂತೆಗಳನ್ನು ಓದಲೇ ಬಾರದು” ಎನ್ನುತ್ತಾರೆ. ಈ ಎರಡು ಮಾತುಗಳೂ ದುಡುಕಿನವೆಂದು ನಮ್ಮ ಅಭಿಪ್ರಾಯ. ಇಂಥ ಕಥೆಗಳಲ್ಲಿ ತಪ್ಪು ಇರಬಲ್ಲುದು. ಅದನ್ನು ಹುಡುಕುವ ಕೆಲಸವು ಭೌತವಿಜ್ಞಾನದ ಒಳ್ಳೆಯ ಅಭ್ಯಾಸವೂ ಆಗಬಲ್ಲುದು. ಅದು ಹೇಗೆಂಬುದನ್ನು ಅಮೆರಿಕದಲ್ಲಿ ಪ್ರಕಟವಾದ ಎರಡು ಪ್ರಸಿದ್ಧ ಕಥಾಮಾಲೆಗಳನ್ನು ಆಧಾರವಾಗಿಟ್ಟುಕೊಂಡು ಇಲ್ಲಿ ವಿಚಾರ ಮಾಡೋಣ.

ವಿಶ್ವಕಿರಣಗಳ ಮಳೆ

ಮೊದಲನೆಯದು ‘ಫೆಂಟಾಸ್ಟಿಕ್ ಫೋರ್’ ಎಂಬ ನಾಲ್ವರ ತಂಡದ ಕಥೆ. ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಎಂಬವರು ರಚಿಸಿದ ಇದರ ಮೊದಲ ಸಂಚಿಕೆಯು ನವೆಂಬರ್ ೧೯೬೧ರ ತಾರೀಖನ್ನು ಹೊತ್ತು ಹೊರಬಂದಿತು. ಅದೇ ವರ್ಷದ ಏಪ್ರಿಲ್ ೧೨ರಂದು ಯೂರಿ ಗಗಾರಿನ್ ಭೂಮಿಯನ್ನು ಸುತ್ತಿ ಬಂದಿದ್ದನು. ರಷ್ಯ ಅಮೆರಿಕಗಳ ನಡುವೆ ಅಂತರಿಕ್ಷದ ಪೈಪೋಟಿಯು ತಾರಕಕ್ಕೇರಿದ್ದಿತು. ಕಥೆಯಲ್ಲಿ ನಾಲ್ವರು ಅಪ್ಪಣೆಯಿಲ್ಲದೆ ರಾಕೆಟ್ಟನ್ನೇರಿ ಹೊರಡುತ್ತಾರೆ. ವಿಶ್ವಕಿರಣಗಳ ಪರಿಣಾಮವನ್ನು ಇನ್ನೂ ಸರಿಯಾಗಿ ಅರಿತಿಲ್ಲವೆಂದು ಚಾಲಕನು ಎಚ್ಚರಿಸಿದರೂ ಪ್ರಯೋಜನವಾಗುವುದಿಲ್ಲ. ಆ ಕಿರಣಗಳು ನೌಕೆಯ ಗೋಡೆಯನ್ನು ತೂರಿ ಬಂದು ಅವರ ಮೈಯನ್ನು ಹೊಕ್ಕುಬಿಡುತ್ತವೆ. ಭೂಮಿಗೆ ಬಿದ್ದ ಮೇಲೆ ಒಬ್ಬನ ದೇಹವು ರಬ್ಬರಿನಂತೆ ಹಿಗ್ಗುತ್ತದೆ, ಒಬ್ಬಳು ಅದೃಶ್ಯಳಾಗುತ್ತಾಳೆ, ಒಬ್ಬನು ಉರಿಯುವ ಪಂಜಾಗುತ್ತಾನೆ, ಚಾಲಕನು ಬಂಡೆಯಂಥ ಮೈಯವನಾಗುತ್ತಾನೆ.

ವಿಶ್ವಕಿರಣಗಳು ಕಥೆಗಾರರು ಕಟ್ಟಿದ ವಸ್ತುವಲ್ಲ. ೧೯೧೨ರ ಆಗಸ್ಟ್ ೭ರಂದು ವಿಕ್ಟರ್ ಹೆಸ್ ಎಂಬ ವಿಜ್ಞಾನಿಯು ಬೆಲೂನಿನಲ್ಲಿ ಕುಳಿತು ಐದು ಸಾವಿರ ಮೀಟರಿಗೂ ಹೆಚ್ಚಿನ ಎತ್ತರವನ್ನೇರಿ, ಮೇಲೆ ಹೋದಂತೆಲ್ಲ ವಿಕಿರಣವು ಹೆಚ್ಚುವುದನ್ನು ಕಂಡನು. ಅದು ನೆಲದಿಂದ ಬರುವುದಾಗಿದ್ದರೆ ಕಡಮೆಯಾಗಬೇಕಾಗಿದ್ದಿತಷ್ಟೆ. ಆದುದರಿಂದ ಅದು ಹೊರಗಿನಿಂದಲೇ ಬರುವುದೆಂದು ನಿರ್ಣಯಿಸಿದನು. ೧೯೩೬ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಈ ಕಿರಣಗಳಲ್ಲಿ ಬಹುಪಾಲು ಮಹಾವೇಗದಿಂದ ಧಾವಿಸುವ ಪ್ರೋಟಾನುಗಳು. ಉಳಿದವು ಹೀಲಿಯಂ ಮೊದಲಾದ ಪರಮಾಣುಗಳ ಬೀಜಗಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೋಮಿ ಭಾಭಾ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿದ್ದುಕೊಂಡು ಇವುಗಳನ್ನೇ ಅಭ್ಯಾಸ ಮಾಡಿದರು.

ನೆಲದ ಮೇಲಿರುವ ನಮಗೆ ವಾಯುಮಂಡಲವೇ ರಕ್ಷೆ. ನಮ್ಮ ತಲೆಯ ಮೇಲಿನ ಗಾಳಿಯೆಲ್ಲವೂ ಸುಮಾರು ೧೦ ಮೀಟರ್ ಆಳದ ನೀರಿನಷ್ಟು ತೂಗುತ್ತದೆ. ಅಂತರಿಕ್ಷದಲ್ಲಿ ಈ ಕೊಡೆಯಿಲ್ಲ. ಅಪೊಲೊ ಯಾತ್ರಿಕರಿಗೆ ಕತ್ತಲೆಯಲ್ಲಿ ಕಣ್ಣು ಮುಚ್ಚಿಕೊಂಡಿದ್ದಾಗಲೂ ಬೆಳಕಿನ ಮಿಂಚುಗಳು ಕಾಣಿಸಿದುವು. ವಿಶ್ವಕಿರಣದ ಕಣಗಳು ಕಣ್ಣನ್ನು ತೂರಿ ಹೋಗುವಾಗ ಹೀಗಾಗುತ್ತದೆ. ೨೦೧೧–೧೨ರಲ್ಲಿ ಮಂಗಳಗ್ರಹಕ್ಕೆ ಹೋದ ಕ್ಯೂರಿಯಾಸಿಟಿ ನೌಕೆಯು ದಾರಿಯಲ್ಲಿ ಅಳೆದಂತೆ, ನೌಕೆಯೊಳಗಿನ ವಿಕಿರಣವು ದಿನವೊಂದಕ್ಕೆ ಸುಮಾರು ೧.೮ ಮಿಲಿಸೀವರ್ಟ್. ಭೂಮಿಯ ಮೇಲೆ ನಮಗೆ ನೈಸರ್ಗಿಕವಾಗಿ ಒಂದು ವರ್ಷದಲ್ಲಿ ತಗಲುವುದು ಸರಾಸರಿ ೨.೪ ಮಿಲಿಸೀವರ್ಟ್. ನಮ್ಮ ಒಂದು ವರ್ಷದ ಪಾಲು ಅಲ್ಲಿ ಒಂದೂವರೆ ದಿನದೊಳಗೆ ಬಂದುಬಿಡುತ್ತದೆ. ಚಾಲಕನ ಎಚ್ಚರಿಕೆಯು ನ್ಯಾಯವಾದುದೇ.

ಆದರೆ ಅದರಿಂದ ಅದ್ಭುತ ಶಕ್ತಿಗಳು ಬರಲಾರವು. ಒಂದೊಂದು ಕಣವೂ ಜೀವಕೋಶಗಳನ್ನು ಕುರುಡಾಗಿ ಹೊಡೆಯುತ್ತದೆ. ಒಂದು ಕೋಶದಲ್ಲಿ ಒಂದು ಕಡೆ, ಮತ್ತೊಂದರಲ್ಲಿ ಇನ್ನೆಲ್ಲಿಯೋ. ಕೋಟ್ಯನುಕೋಟಿ ಕೋಶಗಳೆಲ್ಲವೂ ಒಂದೇ ರೀತಿಯಲ್ಲಿ ಮಾರ್ಪಟ್ಟು ಹೊಸ ಗುಣವೊಂದನ್ನು ಪಡೆಯುವುದು ಹೇಗೆ? ಮುದ್ರಣಾಲಯದ ಅಚ್ಚುಮೊಳೆಗಳ ಮೇಲೆ ಕಲ್ಲು ತೂರಿದರೆ ಅಕ್ಷರಗಳು ಚೆಲ್ಲಾಡಬಹುದೇ ಹೊರತು ಹೊಸ ಕಾವ್ಯವು ಅಚ್ಚಾಗಲಾರದು. ನಿಜವಾಗಿ ಹೆಚ್ಚುವುದು ಅರ್ಬುದರೋಗದ ಅಪಾಯ. ಆದುದರಿಂದ ಕಥೆಯ ಈ ಮೊದಲ ಹೆಜ್ಜೆಯು ಅಸಂಭವವೆಂದು ನಿಸ್ಸಂದೇಹವಾಗಿ ಹೇಳಬಹುದು.

ಗೃಹೀತವೂ ಫಲವೂ

ಹಾಗಾದರೆ ಪುಸ್ತಕವನ್ನು ಮುಚ್ಚಿಬಿಡಬೇಕೆ? ಮುಚ್ಚಬೇಕಾಗಿಲ್ಲ. ರೇಖಾಗಣಿತವನ್ನು ಓದುವಾಗ ನಾವು ಕೆಲವು ಮಾತುಗಳನ್ನು ಸಾಧಿಸದೆಯೇ ಒಪ್ಪಿಕೊಳ್ಳುತ್ತೇವೆ. ಅವು ಗೃಹೀತಗಳು. ಗೃಹೀತವನ್ನು ಒಪ್ಪಿಕೊಂಡ ಮೇಲೆ ಮಾತ್ರ ನಮಗೆ ಸ್ವಾತಂತ್ರ್ಯವಿಲ್ಲ. ಅದರಿಂದ ಹುಟ್ಟುವ ಫಲಗಳನ್ನೆಲ್ಲ ಒಪ್ಪಲೇಬೇಕು. ಕಥೆಗಾರನಿಗೂ ಒಂದು ಅದ್ಭುತವನ್ನು ಗೃಹೀತವಾಗಿ ಕೊಟ್ಟುಬಿಡೋಣ. ಅಲ್ಲಿಂದ ಮುಂದೆ ಲೆಕ್ಕ ಕೇಳುವ ಹಕ್ಕು ನಮ್ಮದು.

ಹಿಗ್ಗುವ ಮನುಷ್ಯನನ್ನೇ ತೆಗೆದುಕೊಳ್ಳೋಣ. ಅವನ ತೋಳು ೭೫ ಸೆಂಟಿಮೀಟರ್ ಉದ್ದ, ೮ ಸೆಂಟಿಮೀಟರ್ ದಪ್ಪವೆಂದಿಟ್ಟುಕೊಳ್ಳೋಣ. ಅದು ೩೦ ಮೀಟರ್ ಚಾಚಿಕೊಂಡರೆ ಉದ್ದವು ೪೦ ಪಟ್ಟಾಯಿತು. ಹೊಸ ಮಾಂಸವು ಎಲ್ಲಿಂದಲೂ ಬರಲಿಲ್ಲವಾಗಿ ಅಡ್ಡಕೊಯ್ತದ ವಿಸ್ತೀರ್ಣವು ನಾಲ್ವತ್ತರಲ್ಲಿ ಒಂದು ಪಾಲಿಗೆ ಇಳಿಯಬೇಕು. ದಪ್ಪವು ೪೦ರ ವರ್ಗಮೂಲದಷ್ಟು, ಎಂದರೆ ೬.೩ ಪಟ್ಟು, ಕುಗ್ಗಬೇಕು. ಆಗ ತೋಳಿನ ದಪ್ಪವು ೧.೩ ಸೆಂಟಿಮೀಟರಿಗಿಂತ ಕಡಮೆ, ಕಿರುಬೆರಳಿಗೆ ಸಮ. ಚಿತ್ರದಲ್ಲಿ ಅಷ್ಟು ಉದ್ದದ ತೋಳು ಮೊದಲಿನಂತೆಯೇ ದಪ್ಪವಾಗಿದ್ದರೆ, ಹೆಚ್ಚಿನ ದ್ರವ್ಯವೆಲ್ಲಿಂದ ಬಂದಿತೆಂದು ಕೇಳಬೇಕು.

ಎರಡನೆಯ ಕಥಾಮಾಲೆಯಲ್ಲಿ ಇದಕ್ಕಿಂತ ಸೊಗಸಾದ ಉದಾಹರಣೆಯಿದೆ. ‘ಲೀಜನ್ ಆಫ್ ಸೂಪರ್‌ಹೀರೋಸ್’ ಎಂಬ ಈ ತಂಡವು ೧೯೫೮ರಲ್ಲಿ ‘ಅಡ್ವೆಂಚರ್ ಕಾಮಿಕ್ಸ್’ ಪತ್ರಿಕೆಯ ೨೪೭ನೆಯ ಸಂಚಿಕೆಯಲ್ಲಿ ಮೊದಲು ಕಾಣಿಸಿಕೊಂಡಿತು. ಮುಪ್ಪತ್ತನೆಯ ಶತಮಾನದಲ್ಲಿ ಬೇರೆ ಬೇರೆ ಗ್ರಹಗಳಿಂದ ಬಂದ ತರುಣ ತರುಣಿಯರ ಕೂಟವಿದು. ಅವರಲ್ಲಿ ‘ಕೊಲೋಸಲ್ ಬಾಯ್’ ಎಂಬವನು ಇಷ್ಟಬಂದಂತೆ ಬೆಳೆಯಬಲ್ಲನು. ಅವನು ಎತ್ತರದಲ್ಲಿ ೧೦ ಪಟ್ಟು ಬೆಳೆದನೆನ್ನೋಣ. ಗೆಲಿಲಿಯೊ ೧೬೩೮ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ತೋರಿಸಿದಂತೆ, ಆಗ ಅವನ ಎಲುಬಿನ ಅಡ್ಡಕೊಯ್ತವು ೧೦೦ ಪಟ್ಟೂ ದೇಹದ ಗಾತ್ರವು ೧,೦೦೦ ಪಟ್ಟೂ ಆಗುತ್ತದೆ. ದ್ರವ್ಯರಾಶಿಯೂ ಗಾತ್ರದೊಡನೆ ಬೆಳೆದರೆ, ಎಲುಬಿನ ಪ್ರತಿಯೊಂದು ಅಂಶವೂ ಮೊದಲಿನ ೧೦ ಪಟ್ಟು ಭಾರವನ್ನು ಹೊರಬೇಕು. ಮೇಲಾಗಿ, ಆ ೭೦,೦೦೦ ಕಿಲೋಗ್ರಾಂ ಎಲ್ಲಿಂದ ಬಂದಿತು?

ದ್ರವ್ಯರಾಶಿಯು ಬೆಳೆಯಲೇ ಇಲ್ಲವೆಂದು ಹೇಳಿ ತಪ್ಪಿಸಿಕೊಳ್ಳಬಹುದೆ? ಅದನ್ನೂ ನೋಡೋಣ. ೭೦ ಕಿಲೋಗ್ರಾಂ ತೂಗುವ ಮನುಷ್ಯನ ಗಾತ್ರವು ಸುಮಾರು ೭೦ ಲೀಟರ್. ಸಾವಿರ ಪಟ್ಟು ಬೆಳೆದ ಮೇಲೆ ಅದು ೭೦ ಘನಮೀಟರ್ ಆಗುತ್ತದೆ. ಒಂದು ಘನಮೀಟರ್ ಗಾಳಿಯು ಸಮುದ್ರಮಟ್ಟದಲ್ಲಿ ಸುಮಾರು ೧.೨ ಕಿಲೋಗ್ರಾಂ ತೂಗುವುದಷ್ಟೆ. ಆದುದರಿಂದ ಈ ದೈತ್ಯನು ಸರಿಸುವ ಗಾಳಿಯ ತೂಕ ೮೪ ಕಿಲೋಗ್ರಾಂ. ಅವನ ತೂಕ ೭೦! ಆರ್ಕಿಮಿಡೀಸನ ತತ್ತ್ವದ ಮೇರೆಗೆ ಅವನು ವೈರಿಯನ್ನು ತುಳಿಯುವ ಬದಲು ಬೆಲೂನಿನಂತೆ ಮೇಲಕ್ಕೇರಿ ಹೋಗಬೇಕಾಗುತ್ತದೆ. ಕಥೆಗಾರನು ಎರಡರಲ್ಲಿ ಯಾವ ದಾರಿಯನ್ನಾದರೂ ಹಿಡಿಯಲಿ. ಆದರೆ ಒಂದು ಪುಟದಲ್ಲಿ ಒಂದು, ಮರುಪುಟದಲ್ಲಿ ಮತ್ತೊಂದು ಎಂದು ಹಿಡಿಯಬಾರದು.

ಕಾಲೂರಲು ನೆಲವಿಲ್ಲದ ಕಡೆ

ಈವರೆಗಿನ ಲೆಕ್ಕಗಳು ನೆಲದ ಮೇಲಿನವು. ಅಂತರಿಕ್ಷಕ್ಕೆ ಹೋದೊಡನೆ ಬೇರೆ ತೊಡಕುಗಳು ಹುಟ್ಟುತ್ತವೆ. ಉರಿಯುವ ಪಂಜಿನ ವೀರನು ನಿರ್ವಾತದಲ್ಲಿ ಸಾಮಾನ್ಯ ಬೆಂಕಿಯಂತೆ ಉರಿಯಲಾರನು. ಉರಿಗೆ ಆಮ್ಲಜನಕವು ಬೇಕು. ಸ್ಫೋಟದ ಸದ್ದೂ ಕೇಳಿಸದು. ಶಬ್ದವು ಸಂಚರಿಸಲು ಅಲ್ಲಿ ಗಾಳಿಯಿಲ್ಲ. ಇವು ಸುಲಭವಾಗಿ ಕಾಣುವ ತಪ್ಪುಗಳು. ಇವುಗಳಿಗಿಂತ ಹೆಚ್ಚಾಗಿ ಕಣ್ಣಿಗೆ ಮರೆಯಾಗುವುದು ನ್ಯೂಟನ್ನನ ಮೂರನೆಯ ನಿಯಮ.

ಲೀಜನ್ ತಂಡದ ‘ಕಾಸ್ಮಿಕ್ ಬಾಯ್’ ಅಯಸ್ಕಾಂತ ಶಕ್ತಿಯುಳ್ಳವನು. ಅವನು ಅಂತರಿಕ್ಷದಲ್ಲಿ ತೇಲುತ್ತ ೭೦ ಟನ್ ತೂಕದ ಉಕ್ಕಿನ ನೌಕೆಯೊಂದನ್ನು ತನ್ನ ಕಡೆಗೆ ಎಳೆಯುತ್ತಾನೆಂದು ಭಾವಿಸೋಣ. ನೌಕೆಯೂ ಅವನನ್ನು ಅಷ್ಟೇ ಬಲದಿಂದ ಎಳೆಯುತ್ತದೆ. ನೌಕೆಯ ದ್ರವ್ಯರಾಶಿಯು ಅವನದರ ಸಾವಿರ ಪಟ್ಟು. ಆದುದರಿಂದ ನೌಕೆಯು ಒಂದು ಮೀಟರ್ ಸರಿಯುವಷ್ಟರಲ್ಲಿ ಅವನು ಒಂದು ಕಿಲೋಮೀಟರ್ ಧಾವಿಸಿರುತ್ತಾನೆ. ನೌಕೆಯನ್ನು ಎಳೆದವನೆಂದು ಅವನನ್ನು ಕರೆಯುವುದಕ್ಕಿಂತ ನೌಕೆಗೆ ಹೋಗಿ ಬಡಿದವನೆಂದು ಕರೆಯುವುದು ಸರಿ. ತಡೆದು ನಿಲ್ಲಿಸಲು ಮತ್ತಾವುದಾದರೂ ಬಲವು ಅವನಿಗೆ ಬೇಕು. ಈ ತಂಡದವರ ಬೆರಳಿನಲ್ಲಿ ಹಾರಾಟದ ಉಂಗುರಗಳಿರುತ್ತವೆ. ಉಂಗುರವೇ ಆ ಬಲವನ್ನು ಕೊಡುತ್ತದೆಂದು ಕಥೆಗಾರನು ಹೇಳಬಹುದು. ಹಾಗೆ ಹೇಳಿದ ಮೇಲೆ ಉಂಗುರವನ್ನು ಕಳೆದುಕೊಂಡ ದಿನ ಅವನು ನೌಕೆಯನ್ನು ಎಳೆಯಬಾರದು.

ದೂರದ ವಿಷಯವೂ ಹೀಗೆಯೇ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪದ ನಕ್ಷತ್ರವು ೪.೨ ಜ್ಯೋತಿರ್ವರ್ಷಗಳಷ್ಟು ದೂರದಲ್ಲಿದೆ. ಸೆಕೆಂಡಿಗೆ ೧೭ ಕಿಲೋಮೀಟರ್ ಓಡುವ ವಾಯೇಜರ್-೧ ನೌಕೆಯ ವೇಗದಲ್ಲಿ ಅಷ್ಟು ದೂರವನ್ನು ಕ್ರಮಿಸಲು ಸುಮಾರು ೭೫,೦೦೦ ವರ್ಷಗಳು ಬೇಕು. ಬೆಳಕಿಗಿಂತ ಬೇಗನೆ ಹೋಗುವುದು ಸಾಪೇಕ್ಷತಾ ಸಿದ್ಧಾಂತಕ್ಕೆ ವಿರುದ್ಧ. ಆದರೂ ಅದನ್ನು ಗೃಹೀತವೆಂದು ಕೊಟ್ಟುಬಿಡೋಣ. ಆಗ ನಾವು ಕೇಳಬೇಕಾದ ಪ್ರಶ್ನೆಯಿದು: ಹಿಂದಿನ ತಿಂಗಳು ಒಂದು ಗಂಟೆಯಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಹಾರಿದವರು, ಈ ತಿಂಗಳು ಪಕ್ಕದ ಗ್ರಹಕ್ಕೆ ಹೋಗುವಷ್ಟರಲ್ಲಿ ತಡವಾಗಿ ಒಬ್ಬ ಗೆಳೆಯನನ್ನು ಕಳೆದುಕೊಂಡರೆ, ಆ ಸಾವಿಗೆ ಯಾರು ಹೊಣೆ? ವಿಜ್ಞಾನದ ಪ್ರಶ್ನೆಯೂ ಕಥೆಯ ಪ್ರಶ್ನೆಯೂ ಇಲ್ಲಿ ಒಂದೇ ಆಗಿಬಿಡುತ್ತವೆ. ವೇಗದ ಲೆಕ್ಕ ತಪ್ಪಿದರೆ ದುಃಖವೂ ಪೊಳ್ಳಾಗುತ್ತದೆ.

ಸತ್ತವರ ಲೆಕ್ಕ

ತಿಂಗಳು ತಿಂಗಳಿಗೂ ಬೆಳೆಯುವ ಕಥೆಗೆ ಪೂರ್ವಾಪರ ಸಂಬಂಧವೇ ಪ್ರಾಣ. ಹಿಂದೆ ನಡೆದುದು ನಡೆದೇ ಇರಬೇಕು. ಕೊಟ್ಟ ಬೆಲೆ ಕೊಟ್ಟೇ ಇರಬೇಕು. ಲೀಜನ್ ತಂಡದ ಸ್ಥಾಪಕರಲ್ಲೊಬ್ಬನಾದ ‘ಲೈಟ್ನಿಂಗ್ ಲ್ಯಾಡ್’ ೧೯೬೩ರಲ್ಲಿ ಒಂದು ಸಂಚಿಕೆಯಲ್ಲಿ ಮಡಿದನು. ಅದೇ ವರ್ಷ ಅವನನ್ನು ಮತ್ತೆ ಬದುಕಿಸಿದರು. ಆದರೆ ಒಂದು ಪ್ರಾಣಕ್ಕೆ ಪ್ರತಿಯಾಗಿ ಇನ್ನೊಂದು ಪ್ರಾಣವನ್ನು ತೆರಬೇಕೆಂದು ಕಥೆಗಾರರು ಕಟ್ಟಳೆ ಮಾಡಿದ್ದರು; ಗೆಳೆಯರೆಲ್ಲರೂ ಪ್ರಾಣ ಕೊಡಲು ಮುಂದೆ ಬಂದರು; ಕೊನೆಗೆ ಅವರು ಸಾಕಿದ್ದ, ರೂಪ ಬದಲಾಯಿಸಬಲ್ಲ ಒಂದು ಸಣ್ಣ ಜೀವಿಯು ಮಾರುವೇಷದಿಂದ ತನ್ನ ಪ್ರಾಣವನ್ನು ಒಪ್ಪಿಸಿತು. ಜೀವಶಾಸ್ತ್ರವು ಇದನ್ನು ಒಪ್ಪದು. ಆದರೂ ಜಮಾ ಖರ್ಚು ಸರಿಹೋಯಿತು. ಶಕ್ತಿಯು ಶೂನ್ಯದಿಂದ ಹುಟ್ಟದು, ಶೂನ್ಯದಲ್ಲಿ ಲಯವಾಗದು ಎಂಬ ಸಂರಕ್ಷಣಾ ನಿಯಮದ ನೆರಳು ಇಲ್ಲಿದೆ. ೧೯೬೭ರಲ್ಲಿ ‘ಫೆರೊ ಲ್ಯಾಡ್’ ಎಂಬವನು ಸೂರ್ಯರನ್ನು ನುಂಗುವ ಮೇಘವೊಂದರ ಗರ್ಭಕ್ಕೆ ಬಾಂಬನ್ನು ಹೊತ್ತು ನುಗ್ಗಿ ಮಡಿದನು. ಆ ಕಥೆಯನ್ನು ಬರೆದ ಜಿಮ್ ಶೂಟರ್ ಆಗಿನ್ನೂ ಹದಿಹರೆಯದ ಹುಡುಗ. ನಮ್ಮ ಹೈಸ್ಕೂಲು ವಿದ್ಯಾರ್ಥಿಗಳ ವಯಸ್ಸಿನವನು.

ಹರಿದುದನ್ನು ಹೊಲಿಯುವ ಬಗೆ

ಇಷ್ಟು ಎಚ್ಚರವಿದ್ದರೂ ನೂರಾರು ಸಂಚಿಕೆಗಳಲ್ಲಿ, ಹತ್ತಾರು ಕೈಗಳಲ್ಲಿ ಬೆಳೆದ ಕಥೆಯಲ್ಲಿ ಪೂರ್ವಾಪರ ವಿರೋಧಗಳು ಬಾರದಿರವು. ಫೆಂಟಾಸ್ಟಿಕ್ ಫೋರ್ ಕಥೆಯನ್ನು ಪ್ರಕಟಿಸಿದ ಮಾರ್ವೆಲ್ ಸಂಸ್ಥೆಯವರು ಇದಕ್ಕೊಂದು ವಿನೋದದ ಉಪಾಯ ಮಾಡಿದರು. ತಪ್ಪೆಂದು ತೋರುವುದನ್ನು ತಪ್ಪಲ್ಲವೆಂದು ಯುಕ್ತಿಯಿಂದ ವಿವರಿಸಿದ ಓದುಗರಿಗೆ ‘ನೋ-ಪ್ರೈಜ್’ ಎಂಬ ಬಹುಮಾನವನ್ನು ಕೊಡುತ್ತಿದ್ದರು. ಬಹುಮಾನವೆಂದರೆ ಒಳಗೇನೂ ಇಲ್ಲದ ಒಂದು ಲಕೋಟೆ!

ನಗಬೇಡಿ, ವಿಜ್ಞಾನದಲ್ಲಿಯೂ ಇಂಥ ಕೆಲಸವುಂಟು. ಯುರೇನಸ್ ಗ್ರಹವು ಲೆಕ್ಕದ ದಾರಿಯನ್ನು ಬಿಟ್ಟು ನಡೆಯುತ್ತಿದ್ದಾಗ, ಕಾಣದ ಗ್ರಹವೊಂದು ಅದನ್ನು ಎಳೆಯುತ್ತಿರಬೇಕೆಂದು ಲವೆರ್ಯೆ ಎಂಬ ಫ್ರೆಂಚ್ ಗಣಿತಜ್ಞನು ಗಣಿಸಿದನು. ೧೮೪೬ರಲ್ಲಿ ಬರ್ಲಿನ್ನಿನ ವೀಕ್ಷಣಾಲಯದಲ್ಲಿ, ಅವನು ಹೇಳಿದ ಸ್ಥಾನದಿಂದ ಒಂದು ಡಿಗ್ರಿಯೊಳಗೆ, ನೆಪ್ಚೂನ್ ಸಿಕ್ಕಿತು. ಬುಧಗ್ರಹದ ಕಕ್ಷೆಯು ಶತಮಾನಕ್ಕೆ ೪೩ ವಿಕಲೆಗಳಷ್ಟು ಲೆಕ್ಕ ತಪ್ಪುವುದನ್ನು ವಿವರಿಸಲು ೧೮೫೯ರಲ್ಲಿ ಅವನು ಅದೇ ಯುಕ್ತಿಯನ್ನು ಬಳಸಿದನು. ಅಲ್ಲಿಯೂ ಒಂದು ಕಾಣದ ಗ್ರಹವಿರಬೇಕೆಂದನು. ಅದಕ್ಕೆ ವಲ್ಕನ್ ಎಂದು ಹೆಸರೂ ಬಂದಿತು. ಆದರೆ ಅಂಥ ಗ್ರಹವಿರಲಿಲ್ಲ. ೧೯೧೫ರಲ್ಲಿ ಐನ್‌ಸ್ಟೈನ್ ಗುರುತ್ವದ ನಿಯಮವನ್ನೇ ಹೊಸದಾಗಿ ಬರೆದಾಗ ಆ ೪೩ ವಿಕಲೆಗಳು ತಾವಾಗಿಯೇ ಲೆಕ್ಕಕ್ಕೆ ಬಂದುವು.

ಮೂರನೆಯ ಉದಾಹರಣೆಯು ನಮ್ಮ ನಾಡಿನವರೆಗೆ ಬರುತ್ತದೆ. ಕೆಲವು ಪರಮಾಣು ಬೀಜಗಳಿಂದ ಎಲೆಕ್ಟ್ರಾನು ಹೊರಬೀಳುವಾಗ ಸ್ವಲ್ಪ ಶಕ್ತಿಯು ಕಾಣೆಯಾಗುತ್ತಿದ್ದಿತು. ೧೯೩೦ರಲ್ಲಿ ಪೌಲಿ, ಕಾಣದ ಕಣವೊಂದು ಅದನ್ನು ಒಯ್ಯುತ್ತಿದೆಯೆಂದು ಸೂಚಿಸಿದನು. ಲೆಕ್ಕ ಸರಿಪಡಿಸಲು ಬರೆದ ಈ ‘ನ್ಯೂಟ್ರಿನೊ’ ೧೯೫೬ರಲ್ಲಿ ನಿಜವಾಗಿಯೂ ಪತ್ತೆಯಾಯಿತು. ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗಲೂ ನ್ಯೂಟ್ರಿನೊಗಳು ಹುಟ್ಟುತ್ತವೆ. ೧೯೬೫ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಅವುಗಳ ಗುರುತನ್ನು ಕಂಡ ಮೊದಲಿಗರಲ್ಲಿ ಭಾರತ, ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳ ತಂಡವೊಂದಿದ್ದಿತು. ಉಳಿದ ವಿಶ್ವಕಿರಣಗಳ ಕಾಟವನ್ನು ತಪ್ಪಿಸಿಕೊಳ್ಳಲು ಅಷ್ಟು ಆಳಕ್ಕೆ ಇಳಿಯಬೇಕಾಯಿತು.

ಈಗ ಕಥೆಯ ಕಡೆ ತಿರುಗೋಣ. ಲೀಜನ್ ಕಥೆಯನ್ನು ಪ್ರಕಟಿಸುವ ಡಿ.ಸಿ. ಸಂಸ್ಥೆಯವರು ತಮ್ಮ ಕಥೆಗಳಲ್ಲಿ ಸಮಾನಾಂತರ ಜಗತ್ತುಗಳು ಬೆಳೆದು ಗೋಜಲಾದಾಗ, ೧೯೮೫–೮೬ರಲ್ಲಿ ಹನ್ನೆರಡು ಸಂಚಿಕೆಗಳ ಮಹಾಕಥೆಯೊಂದನ್ನು ಹೊರತಂದು ಅವನ್ನೆಲ್ಲ ಒಂದೇ ಜಗತ್ತಾಗಿ ಮಾಡಿದರು. ಬಳಿಕ ಹೊಸದಾಗಿ ಬರೆದ ಚರಿತ್ರೆಯಲ್ಲಿ ಸೂಪರ್‌ಮ್ಯಾನನು ಬಾಲ್ಯದಲ್ಲಿ ‘ಸೂಪರ್‌ಬಾಯ್’ ಆಗಿರಲೇ ಇಲ್ಲವೆಂದಾಯಿತು. ಆದರೆ ಲೀಜನ್ ತಂಡಕ್ಕೆ ಸ್ಫೂರ್ತಿಯೇ ಆ ಸೂಪರ್‌ಬಾಯ್! ೧೯೫೮ರ ಮೊದಲ ಕಥೆಯಲ್ಲಿ ಅವರು ಕಾಲವನ್ನು ದಾಟಿ ಬಂದು ಅವನನ್ನೇ ಕಂಡಿದ್ದರು. ತಳಪಾಯದ ಕಲ್ಲನ್ನು ಕಿತ್ತ ಮೇಲೆ ಮನೆಯನ್ನು ನಿಲ್ಲಿಸುವುದೆಂತು? ಆ ಸೂಪರ್‌ಬಾಯ್ ಬೇರೊಂದು ಪುಟ್ಟ ಕೃತಕ ಜಗತ್ತಿನವನೆಂದು ೧೯೮೭ರಲ್ಲಿ ತೇಪೆ ಹಾಕಿದರು. ಅದು ಸಾಲದೆ ೧೯೯೪ರಲ್ಲಿ ತಂಡದ ಕಥೆಯನ್ನೇ ಮೊದಲಿನಿಂದ ಆರಂಭಿಸಬೇಕಾಯಿತು.

ನ್ಯೂಟ್ರಿನೊವೂ ತೇಪೆಯೇ, ಪುಟ್ಟ ಜಗತ್ತೂ ತೇಪೆಯೇ. ಎರಡಕ್ಕೂ ಭೇದವೇನು? ಒಂದು ತೂತನ್ನು ಮುಚ್ಚುವುದಕ್ಕಾಗಿ ಮಾತ್ರ ಹೇಳಿದ ವಿವರಣೆಯು ಆ ತೂತಿನಾಚೆ ಏನನ್ನೂ ಹೇಳುವುದಿಲ್ಲ. ಒಳ್ಳೆಯ ವಿವರಣೆಯಾದರೋ ತಾನೇ ಪರೀಕ್ಷೆಗೆ ನಿಲ್ಲುತ್ತದೆ: “ನಾನು ನಿಜವಾದರೆ ಇಂಥ ಕಡೆ ಇಂಥ ಹೊಸ ಸಂಗತಿಯು ಕಾಣಬೇಕು, ಹೋಗಿ ನೋಡಿ” ಎನ್ನುತ್ತದೆ. ನೆಪ್ಚೂನ್ ಈ ಪರೀಕ್ಷೆಯಲ್ಲಿ ಗೆದ್ದಿತು, ವಲ್ಕನ್ ಸೋತಿತು. ವಲ್ಕನ್ ಸೋತುದು ಲವೆರ್ಯೆಗೆ ಅವಮಾನವಲ್ಲ. ಸೋಲಬಲ್ಲಂಥ ಮಾತನ್ನು ಆಡಿದುದೇ ಅವನ ಹಿರಿಮೆ.

ವಿದ್ಯಾರ್ಥಿಗಳಿಗೆ ಈ ವಿವೇಚನೆಯು ಚಿತ್ರಕಥೆಗಿಂತ ಹೆಚ್ಚಾಗಿ ಬೇಕಾಗುವುದು ಪ್ರಯೋಗಶಾಲೆಯಲ್ಲಿ. ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಅಳೆಯುವಾಗ ೯.೮ರ ಬದಲು ೯.೩ ಬಂದಿತೆನ್ನೋಣ. ಪುಸ್ತಕದ ಉತ್ತರಕ್ಕೆ ಸರಿಯಾಗುವಂತೆ ಕಾಲದ ಅಂಕಿಗಳನ್ನು ತಿದ್ದಿಬಿಡುವ ಚಪಲವು ಯಾರಿಗೆ ಬಾರದು? ಅದು ಸೂಪರ್‌ಬಾಯ್ ಇರಲೇ ಇಲ್ಲವೆಂದು ಹಳೆಯ ಸಂಚಿಕೆಗಳ ಮೇಲೆ ಗೀಟು ಎಳೆದಂತೆ. ದಾರದ ಉದ್ದವನ್ನು ಗುಂಡಿನ ಕೇಂದ್ರದವರೆಗೆ ಅಳೆದೆವೆ? ಇಪ್ಪತ್ತು ಆಂದೋಲನಗಳ ಬದಲು ಇಪ್ಪತ್ತೊಂದನ್ನು ಎಣಿಸಿದೆವೆ? ಹೀಗೆ ಊಹಿಸಿ, ಆ ಊಹೆಯನ್ನು ಮತ್ತೆ ಅಳೆದು ಪರೀಕ್ಷಿಸುವುದು ವಿಜ್ಞಾನ. ಬರೆದ ಅಂಕಿಯು ಬರೆದಂತೆಯೇ ಇರಲಿ. ಮಡಿದ ಫೆರೊ ಲ್ಯಾಡನಂತೆ ಅದಕ್ಕೂ ಗೌರವವಿರಲಿ.

ಆದುದರಿಂದ ಮುಂದಿನ ಸಲ ಇಂಥ ಕಥೆಯನ್ನು ಓದುವಾಗ ಕೈಯಲ್ಲೊಂದು ಪೆನ್ಸಿಲ್ ಇರಲಿ. ಕಥೆಗಾರನು ಕೇಳಿಕೊಂಡ ಅದ್ಭುತವು ಯಾವುದೆಂದು ಮೊದಲು ಒಂದು ವಾಕ್ಯದಲ್ಲಿ ಬರೆಯಿರಿ. ಅದರಿಂದ ಹುಟ್ಟಬೇಕಾದ ಫಲಗಳಲ್ಲಿ ಒಂದನ್ನಾದರೂ ಅಂಕಿಗಳೊಡನೆ ಲೆಕ್ಕ ಹಾಕಿರಿ. ಆ ಫಲವನ್ನು ಹಿಂದಿನ ಸಂಚಿಕೆಯಲ್ಲಿಯೂ ಮುಂದಿನ ಸಂಚಿಕೆಯಲ್ಲಿಯೂ ಒಪ್ಪಿಕೊಂಡಿದ್ದಾರೆಯೆ ಎಂದು ನೋಡಿರಿ. ಅದೃಶ್ಯಳಾದವಳ ವಿಷಯವನ್ನು ನಾವು ಬೇಕೆಂದೇ ಬಿಟ್ಟಿದ್ದೇವೆ. ಬೆಳಕು ಅವಳ ಮೈಯನ್ನೆಲ್ಲ ತಡೆಯಿಲ್ಲದೆ ಹಾಯ್ದು ಹೋಗುವುದಾದರೆ, ಅವಳ ಕಣ್ಣಿನ ಹಿಂಪರದೆಯ ಮೇಲೆ ಬಿಂಬವು ಮೂಡುವುದು ಹೇಗೆ? ಉತ್ತರವನ್ನು ಓದುಗರೇ ಬರೆದು ನೋಡಲಿ.